ಮಡಕೆಯ ಪಕ್ಕದ ಚೀಟಿಯಲ್ಲಿ ಕುಂಬಾರನ ಹೆಸರೂ ಇರಲಿ

ಇವರಿಗೆ,
ನಾಡಿನ ಸರ್ಕಾರಿ ಹಾಗೂ ಖಾಸಗಿ ವಸ್ತುಸಂಗ್ರಹಾಲಯಗಳ ಮತ್ತು ಕಲಾ ಗ್ಯಾಲರಿಗಳ ಮುಖ್ಯಸ್ಥರು, ಕ್ಯುರೇಟರುಗಳು, ಅವುಗಳ ಹೊಣೆ ಹೊತ್ತಿರುವ ಅಧಿಕಾರಿಗಳು.

ಮಾನ್ಯರೇ,

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹುಟ್ಟಿದ್ದು ಕುಂಬಾರರ ಮನೆಯಲ್ಲಿ. ಅಜ್ಜ ತಿಗರಿ, ಅಂದರೆ ಕುಂಬಾರನ ಚಕ್ರ, ತಿರುಗಿಸಿ ಒಂಬತ್ತು ಜನರ ಸಂಸಾರ ಸಾಕಿದವರು. ಅಪ್ಪನೂ ಅದೇ ಕಸುಬು ಮಾಡಿ, ಮಂಡಿನೋವು ಜಾಸ್ತಿಯಾದ ಮೇಲೆ ಬಿಟ್ಟರು. ನನಗೆ ತಿಗರಿ ಹಿಡಿಯಲು ಬರುವುದಿಲ್ಲ. ಮಣ್ಣು ಹದಕ್ಕೆ ಬಂದಿದೆಯೋ ಇಲ್ಲವೋ ಅಂತ ಮಾತ್ರ ಬೆರಳಲ್ಲಿ ಹಿಸುಕಿ ಹೇಳಬಲ್ಲೆ. ನಾನು ಯಾವ ಕಡೆಯಿಂದ ಮಾತಾಡುತ್ತಿದ್ದೇನೆ ಅನ್ನುವುದು ನಿಮಗೆ ಗೊತ್ತಿರಲಿ ಅಂತ ಇಷ್ಟು ಹೇಳಿದೆ.

ಈ ಪತ್ರಕ್ಕೆ ಕಾರಣ ಒಂದು ಗುಡಾಣ.

ಅಜ್ಜ ತಮ್ಮ ಮದುವೆಯಾದ ವರ್ಷ ಮಾಡಿದ ಗುಡಾಣ ಅದು. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಆಗಿತ್ತಂತೆ. ಒಂದು ಮೂಟೆ ರಾಗಿ ಸುರಿದರೂ ಮೇಲೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಇಷ್ಟು ದೊಡ್ಡದನ್ನು ತಿಗರಿಯ ಮೇಲೆ ಒಂದೇ ಸಲಕ್ಕೆ ಎತ್ತಲು ಆಗುವುದಿಲ್ಲ. ಮೊದಲು ತಿಗರಿಯಲ್ಲಿ ಬಾಯಿ, ಕತ್ತು, ದಪ್ಪ ಗೋಡೆ ಮಾಡಿಕೊಳ್ಳುತ್ತಾರೆ. ಸ್ವಲ್ಪ ಆರಿದ ಮೇಲೆ ಒಳಗೆ ಎಡಗೈಯಲ್ಲಿ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ದಿನಕ್ಕೆ ಒಂದಿಷ್ಟು. ಆರಿಸಬೇಕು, ಮತ್ತೆ ತಟ್ಟಬೇಕು. ನಾಲ್ಕೈದು ದಿನ ಹಿಡಿಯುತ್ತದೆ. ಅಷ್ಟಾದ ಮೇಲೆ ಅಜ್ಜಿ ಕೆಮ್ಮಣ್ಣು ಕದಡಿ ಬಳಿದು, ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದರು. ಆಮೇಲೆ ಆವಿಗೆ, ಅಂದರೆ ಮಡಕೆ ಸುಡುವ ಗೂಡು. ಅಜ್ಜನ ಕೆಲಸ ಎಷ್ಟೋ ಅಜ್ಜಿಯದೂ ಅಷ್ಟೇ ಇತ್ತು ಆ ಗುಡಾಣದಲ್ಲಿ.

2011ರಲ್ಲಿ ಹಳೇ ಮನೆ ಬಿಚ್ಚಿ ಹೊಸದು ಕಟ್ಟುವಾಗ ಇದನ್ನು ಎಲ್ಲಿಡುವುದು ಅನ್ನುವ ಮಾತು ಬಂತು. ಒಡೆಯುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಅದೇ ಹೊತ್ತಿಗೆ ಒಂದು ಮ್ಯೂಸಿಯಂನವರು ಹಳ್ಳಿಯ ಹಳೇ ವಸ್ತುಗಳಿದ್ದರೆ ಕೊಡಿ ಅಂತ ಕೇಳಿದ್ದರು. ಅಪ್ಪ ಬಾಡಿಗೆ ಟೆಂಪೋದಲ್ಲಿ ಹುಲ್ಲು ಹಾಸಿ, ಗುಡಾಣವನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತು ತೊಂಬತ್ತು ಕಿಲೋಮೀಟರ್ ಹೋದರು. ನಾನೂ ಜೊತೆಗಿದ್ದೆ. ಅಪ್ಪ ಹೇಳಿದ್ದನ್ನೆಲ್ಲ ಎರಡು ಪುಟದಲ್ಲಿ ಬರೆದುಕೊಂಡು ಹೋಗಿದ್ದೆ. ಅಜ್ಜ-ಅಜ್ಜಿಯ ಹೆಸರು, ಊರು, ಯಾವ ಕೆರೆಯ ಮಣ್ಣು, ಅದಕ್ಕೆ ಸೇರಿಸಿದ್ದು ಎಷ್ಟು ಮರಳು ಎಷ್ಟು ಬೂದಿ, ಹೇಗೆ ತಟ್ಟಿದ್ದು, ಏನೇನು ತುಂಬಿಡುತ್ತಿದ್ದರು, ಎಲ್ಲವೂ ಅದರಲ್ಲಿತ್ತು. ಅಲ್ಲಿನವರು ಗೌರವದಿಂದಲೇ ತೆಗೆದುಕೊಂಡರು. ರಸೀದಿ ಕೊಟ್ಟರು. ಅಪ್ಪ ಆ ರಸೀದಿಯನ್ನು ಇವತ್ತಿಗೂ ಪಹಣಿ ಪತ್ರದ ಜೊತೆ ಇಟ್ಟುಕೊಂಡಿದ್ದಾರೆ.

ಹೋದ ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ನೆಪದಲ್ಲಿ ಒಂಬತ್ತನೇ ತರಗತಿ ಮಕ್ಕಳನ್ನು ಅದೇ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಪ್ಪನೂ ಬರುತ್ತೇನೆ ಅಂದರು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವರು ಅದನ್ನು ನೋಡಲು ಹೋಗಿರಲಿಲ್ಲ.

ಮೊದಲ ಕೋಣೆಯಲ್ಲಿ ಉತ್ಖನನದಲ್ಲಿ ಸಿಕ್ಕ ವಸ್ತುಗಳಿದ್ದವು. ಗಾಜಿನ ಪೆಟ್ಟಿಗೆಯೊಳಗೆ ಒಂದು ಬಟ್ಟಲು. ಒಳಗೆಲ್ಲ ಕಪ್ಪು, ಬಾಯಿಯ ಅಂಚೂ ಕಪ್ಪು. ಹೊರಗೆ ಕೆಳಗಿನ ಅರ್ಧ ಕೆಂಪು. ಪಕ್ಕದ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಕಪ್ಪು-ಕೆಂಪು ಮಡಕೆ. ಬೃಹತ್ ಶಿಲಾ ಸಂಸ್ಕೃತಿ.’ ಮಕ್ಕಳು ಓದಿ ಮುಂದಕ್ಕೆ ಹೊರಟಿದ್ದರು. ಅಪ್ಪ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನಿಂತರು.

“ಇದನ್ನ ಬೋರಲು ಹಾಕಿ ಸುಟ್ಟಿದ್ದಾರೆ ಕಣಮ್ಮ” ಅಂದರು.

“ಹೆಂಗ್ ಗೊತ್ತಾಯ್ತು ಅಜ್ಜಾ?” ಅಂತ ಒಬ್ಬ ಹುಡುಗ ಕೇಳಿದ.

ಅಪ್ಪ ಎರಡೂ ಕೈಯನ್ನು ಬಟ್ಟಲಿನ ಹಾಗೆ ಮಾಡಿ ಬೋರಲು ಹಾಕಿ ತೋರಿಸಿದರು. “ಬಾಯಿ ಕೆಳಗೆ ಮಾಡಿ ಹೊಟ್ಟು, ಎಲೆ, ಬೂದಿ ಒಳಗೆ ಊರಿದ್ರೆ ಒಳಗಡೆ ಗಾಳಿ ಆಡಲ್ಲ. ಹೊಗೆ ಅಲ್ಲೇ ನಿಂತು ಮಣ್ಣಿಗೆ ಹತ್ತುತ್ತೆ, ಕಪ್ಪಾಗುತ್ತೆ. ಮೇಲುಗಡೆ ಗಾಳಿ ಸಿಗುತ್ತಲ್ಲ, ಅದು ಕೆಂಪಾಗುತ್ತೆ. ನಮ್ ಆವಿಗೇಲೂ ಕೆಲವು ಗಡಿಗೆ ಹಿಂಗೇ ಬರ್ತಾವೆ.”

ಮಕ್ಕಳೆಲ್ಲ ವಾಪಸ್ ಬಂದು ಸುತ್ತ ನಿಂತರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ಸಿಕ್ಕರೆ ಕೆಂಪಾಗುತ್ತದೆ, ಸಿಗದಿದ್ದರೆ ಕಪ್ಪಿಗೆ ತಿರುಗುತ್ತದೆ, ಹೊಗೆಯ ಇಂಗಾಲವೂ ಸೇರಿಕೊಳ್ಳುತ್ತದೆ ಅಂತ ನಾನು ವಿಜ್ಞಾನದ ಭಾಷೆಯಲ್ಲಿ ಸೇರಿಸಿದೆ. ಈ ಮಡಕೆಗಳನ್ನು ಒಂದೇ ಸಲ ಬೋರಲು ಹಾಕಿ ಸುಟ್ಟರೋ, ಎರಡು ಸಲ ಸುಟ್ಟರೋ ಅನ್ನುವ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಅಪ್ಪನಿಗೆ ಆ ಚರ್ಚೆ ಗೊತ್ತಿಲ್ಲ. ಆದರೆ ಅದರಲ್ಲಿ ಕೂತು ಮಾತಾಡುವಷ್ಟು ವಿದ್ಯೆ ಅವರ ಕೈಯಲ್ಲಿದೆ. ಅಲ್ಲಿದ್ದ ಕಾವಲುಗಾರರೂ ಹತ್ತಿರ ಬಂದು ಕೇಳಿಸಿಕೊಂಡರು. “ಇಷ್ಟು ವರ್ಷದಿಂದ ಇಲ್ಲೇ ಇದೀನಿ ಯಜಮಾನ್ರೇ, ಯಾರೂ ಇದನ್ನ ಹೇಳಿರಲಿಲ್ಲ” ಅಂದರು.

ಅಪ್ಪನ ಮುಖದಲ್ಲಿ ಆಗ ಇದ್ದ ಗೆಲುವು ಮುಂದಿನ ಕೋಣೆಯವರೆಗೂ ಉಳಿಯಲಿಲ್ಲ.

ಅದು ಜನಪದ ವಿಭಾಗ. ಗುಡಾಣ ಒಂದು ಮೂಲೆಯಲ್ಲಿತ್ತು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕ. ಉರುಳದ ಹಾಗೆ ಕೆಳಗೆ ಮೂರು ಇಟ್ಟಿಗೆ ಚೂರು ಕೊಟ್ಟಿದ್ದರು. ಹೊಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಅಂಗೈ ಅಗಲದ ನಂಬರು. ಒಳಗೆ ಬಗ್ಗಿ ನೋಡಿದರೆ ಚಾಕೊಲೇಟ್ ಕಾಗದ, ಖಾಲಿ ನೀರಿನ ಬಾಟಲಿ. ಎಲ್ಲಕ್ಕಿಂತ ಜಾಸ್ತಿ ಸಂಕಟವಾಗಿದ್ದು, ಹೊಳೆಯಲಿ ಅಂತ ಯಾರೋ ಅದಕ್ಕೆ ವಾರ್ನಿಷ್ ಬಳಿದಿದ್ದರು. ಅಜ್ಜಿ ಕಲ್ಲಿನಲ್ಲಿ ಉಜ್ಜಿ ಬರಿಸಿದ ಹೊಳಪು ಆ ಹಳದಿ ವಾರ್ನಿಷ್ ಕೆಳಗೆ ಮುಚ್ಚಿಹೋಗಿತ್ತು. ಇದು ನಮ್ಮದೇ ಹೌದೋ ಅಲ್ಲವೋ ಅಂತ ಒಂದು ಕ್ಷಣ ನನಗೆ ಅನುಮಾನ ಬಂತು. ಅಪ್ಪ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕೂತರು. ಕತ್ತಿನ ಕೆಳಗೆ ಬೆರಳಾಡಿಸಿದರು. ಅಜ್ಜ ತಮ್ಮ ದೊಡ್ಡ ಮಡಕೆಗಳಿಗೆಲ್ಲ ಅಲ್ಲಿ ಉಗುರಿನಿಂದ ಮೂರು ಗೀರು ಹಾಕುತ್ತಿದ್ದರು. ಸಂತೆಯಲ್ಲಿ ಹತ್ತು ಮನೆಯ ಮಡಕೆ ಒಟ್ಟಿಗೆ ಇಟ್ಟಾಗ ತಮ್ಮದು ಯಾವುದು ಅಂತ ಗೊತ್ತಾಗಲಿ ಅಂತ. ಮೂರು ಗೀರು ಅಲ್ಲೇ ಇದ್ದವು.

“ಮುಟ್ಟಬಾರ್ದು” ಅಂತ ಬಾಗಿಲ ಹತ್ತಿರದಿಂದ ಒಬ್ಬರು ಕೂಗಿದರು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು.

ಚೀಟಿಯಲ್ಲಿ ಬರೆದಿದ್ದು: ‘ಮಣ್ಣಿನ ಪಾತ್ರೆ. ಗ್ರಾಮೀಣ ಬಳಕೆ.’

ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಹೊಸಬರು, ಪಾಪ, ತಾಳ್ಮೆಯಿಂದ ರಿಜಿಸ್ಟರ್ ತೆಗೆದು ನೋಡಿದರು. ‘ದೊಡ್ಡ ಮಡಕೆ - 1’ ಅಂತ ಒಂದು ಸಾಲು ಸಿಕ್ಕಿತು. ನಾನು ಕೊಟ್ಟ ಎರಡು ಪುಟ ಎಲ್ಲೂ ಇರಲಿಲ್ಲ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರ ತಪ್ಪನ್ನು ಎತ್ತಿ ಆಡುವುದು ನನ್ನ ಉದ್ದೇಶವಲ್ಲ. ಇದೇ ಥರದ ಎರಡು ಸಾಲಿನ ಚೀಟಿಯನ್ನು ಬೇರೆ ಊರುಗಳಲ್ಲೂ ನೋಡಿದ್ದೇನೆ. ಅದಕ್ಕೇ ಈ ಪತ್ರ ನಿಮ್ಮೆಲ್ಲರಿಗೆ.

ಮಾನ್ಯರೇ, ಮಡಕೆ ಅಂದರೆ ಮ್ಯೂಸಿಯಂಗಳಲ್ಲಿ ಯಾಕೆ ಇಷ್ಟು ಅಗ್ಗ? ನಿಮ್ಮ ಶಿಲ್ಪದ ಕೋಣೆಯಲ್ಲಿ, ನಾಣ್ಯದ ಕೋಣೆಯಲ್ಲಿ ವಿವರ ಚೆನ್ನಾಗಿರುತ್ತದೆ. ರಾಜನ ಹೆಸರು, ಇಸವಿ, ಲಿಪಿ ಎಲ್ಲ ಇರುತ್ತವೆ. ಆದರೆ ನಮ್ಮ ನೆಲದ ಬಹಳ ಹಳೆಯ ಚರಿತ್ರೆಗೆ ಕಾಲ ಗೊತ್ತುಮಾಡಿದ್ದರಲ್ಲಿ ಮಡಕೆ ಚೂರುಗಳ ಪಾಲು ಎಷ್ಟು ದೊಡ್ಡದು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಜಿಲ್ಲೆಯದೇ ಉದಾಹರಣೆ ಹೇಳುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಅಶೋಕನ ಶಾಸನ ಇರುವ ಜಾಗ ಅಂತ ಎಲ್ಲರಿಗೂ ಗೊತ್ತು. ಆದರೆ ವೀಲರ್ ಅಲ್ಲಿ ಹುಡುಕಿದ್ದು ಮಣ್ಣಿನ ಪದರಗಳ ಲೆಕ್ಕ. ಕೆಳಗೆ ಕಲ್ಲಿನ ಕೊಡಲಿ ಬಳಸುತ್ತಿದ್ದವರ ಒರಟು ಬೂದು ಮಡಕೆ. ಅದರ ಮೇಲೆ ಕಬ್ಬಿಣ ತಿಳಿದಿದ್ದವರ ಕಪ್ಪು-ಕೆಂಪು ಮಡಕೆ. ಅದರ ಮೇಲೆ ಬಿಳಿ ಗೆರೆಗಳ ಚಿತ್ತಾರವಿರುವ ಕೆಂಗಂದು ಮಡಕೆ, ಜೊತೆಗೆ ಒಳತಳದಲ್ಲಿ ಸುತ್ತು ಸುತ್ತು ಚುಕ್ಕೆಸಾಲು ಒತ್ತಿದ ನಯವಾದ ತಟ್ಟೆಗಳ ಚೂರು. ಇದಕ್ಕೆ ಎರಡು ವರ್ಷ ಮುಂಚೆ, 1945ರಲ್ಲಿ, ಅವರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆಸಿದಾಗ ಇದೇ ಚುಕ್ಕೆಸಾಲಿನ ತಟ್ಟೆ ರೋಮನ್ ಜಾಡಿಗಳ ಜೊತೆ ಸಿಕ್ಕಿತ್ತು. ರೋಮನ್ ಮಡಕೆಯ ಕಾಲ ಗೊತ್ತಿತ್ತು. ಅದರಿಂದ ಅರಿಕಮೇಡಿನ ಕಾಲ ಗೊತ್ತಾಯಿತು, ಅಲ್ಲಿಂದ ಬ್ರಹ್ಮಗಿರಿಯದು. ಸಾವಿರಾರು ವರ್ಷದ ಬೀಗ ತೆಗೆದ ಕೀಲಿ ಒಂದು ತಟ್ಟೆಯ ಚೂರು. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಇಂಥದೇ ಕಥೆ. ಅಲ್ಲಿ ರೋಮನ್ ನಾಣ್ಯವೂ ಸಿಕ್ಕಿದೆ. ನಾಣ್ಯದ ಬಗ್ಗೆ ಕೇಳಿದ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ತಟ್ಟೆಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಇದರಲ್ಲಿ ನನ್ನಂಥ ಮೇಷ್ಟ್ರುಗಳ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಮಗು ವಸ್ತುವಿನ ಎದುರು ನಿಲ್ಲುವುದು ನಿಮ್ಮಲ್ಲಿ.

ಅದೇ ಬ್ರಹ್ಮಗಿರಿಯಲ್ಲಿ ಹಸುಗೂಸುಗಳನ್ನು ಮಡಕೆಯೊಳಗೆ ಇಟ್ಟು ಹೂತಿದ್ದು ಸಿಕ್ಕಿದೆ. ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ಸುಮ್ನೆ ಕೂತುಬಿಟ್ಟರು. ಒಬ್ಬಳು, “ಹೊಟ್ಟೆ ಥರ ಅಲ್ವಾ ಮಿಸ್, ಮಡಕೆ?” ಅಂದಳು. ಇಂಥದೊಂದು ಮಾತು ಹುಟ್ಟುವುದಕ್ಕೆ ‘ಮಣ್ಣಿನ ಪಾತ್ರೆ’ ಅನ್ನುವ ಚೀಟಿ ಸಾಲದು.

ಇನ್ನೊಂದು ವಿಷಯ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಆ ದಿನ ಈಗಿನ ಸೆರಾಮಿಕ್ ಕಲಾವಿದರ ಪ್ರದರ್ಶನ ನಡೆಯುತ್ತಿತ್ತು. ನಾನು ಬಹಳ ಹೊತ್ತು ನೋಡಿದೆ. ಒಂದು ದೊಡ್ಡ ಜಾಡಿಯ ಮೇಲೆ ಸೌದೆಯ ಬೂದಿ ಹಾರಿ ಬಂದು ಬೆಂಕಿಯಲ್ಲಿ ಕರಗಿ ಜೇನಿನ ಹಾಗೆ ಇಳಿದು ನಿಂತಿತ್ತು. ಅಪ್ಪ ಅದರ ಎದುರು ನಿಂತು, “ಎಷ್ಟು ಕಾವು ಕೊಟ್ಟಿರಬೇಕು!” ಅಂದರು. ಚೀಟಿಯಲ್ಲಿ ಉತ್ತರವಿತ್ತು: 1,280 ಡಿಗ್ರಿ. ಕಲಾವಿದೆಯ ಹೆಸರು, ಊರು, ಇಸವಿ, ಯಾವ ಮಣ್ಣು, ಎಷ್ಟು ದಿನ ಸುಟ್ಟಿದ್ದು, ಎಲ್ಲ ಇತ್ತು. ಅಪ್ಪನಿಗೆ ಓದಿ ಹೇಳಿದೆ. ಖುಷಿಪಟ್ಟರು. ಮೆಟ್ಟಿಲು ಇಳಿಯುವಾಗ ಮಾತ್ರ, “ನಾವೂ ಇಷ್ಟೇ ಬರ್ಕೊಟ್ಟಿದ್ವಲ್ಲ” ಅಂದರು.

ಮೇಲಿನ ಮಹಡಿಯ ಕಲಾವಿದರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವರ ಕೆಲಸ ಗ್ಯಾಲರಿಗೆ ಬರಲು ಬಹಳ ಕಾಲ ಹಿಡಿಯಿತು. ದೆಹಲಿಯಲ್ಲಿ ಗುರ್‌ಚರಣ್ ಸಿಂಗ್ ಜಪಾನಿನಲ್ಲಿ ಕಲಿತು ಬಂದರೂ ದೆಹಲಿಯ ಹಳೆಯ ಪಠಾಣ ಕುಂಬಾರರ ನೀಲಿ ಮೆರುಗನ್ನು ಬಿಡಲಿಲ್ಲ. ಪುದುಚೇರಿಯಲ್ಲಿ 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರುಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ಇವತ್ತು ದೇಶದ ತುಂಬ ಇದ್ದಾರೆ. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಸೆರಾಮಿಕ್ ಕಲೆಗೇ ಮೀಸಲಾದ ಟ್ರಿಯೆನಾಲೆ, ಅಂದರೆ ಮೂರು ವರ್ಷಕ್ಕೊಮ್ಮೆ ಅಂತ ಏರ್ಪಡಿಸುವ ದೊಡ್ಡ ಪ್ರದರ್ಶನ, ನಡೆಯಿತು. ಇದೆಲ್ಲ ಆಗಬೇಕಾದದ್ದೇ. ನನ್ನ ಪ್ರಶ್ನೆ ಇಷ್ಟೇ. ಮೇಲಿನ ಮಹಡಿಯ ಮಣ್ಣಿಗೆ ಹೆಸರಿದೆ, ಕೆಳಗಿನ ಮಹಡಿಯ ಮಣ್ಣಿಗೆ ಯಾಕಿಲ್ಲ?

ಒಬ್ಬರು ಹಿರಿಯರು ನನಗೆ ಹೇಳಿದರು: “ಜನಪದ ಕಲೆಗೆ ಹೆಸರಿರುವುದಿಲ್ಲಮ್ಮ. ಅದು ಸಮುದಾಯದ್ದು. ಅನಾಮಿಕತೆಯೇ ಅದರ ಚೆಂದ.” ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಹಾಗಿದ್ದರೆ ಅಜ್ಜ ಮೂರು ಗೀರು ಯಾಕೆ ಹಾಕಬೇಕಿತ್ತು? ಎರಡು ಸಾವಿರ ವರ್ಷಕ್ಕೂ ಹಿಂದಿನ ಕಪ್ಪು-ಕೆಂಪು ಮಡಕೆಗಳ ಮೇಲೂ ಗೀಚಿದ ಗುರುತುಗಳು ಎಷ್ಟೋ ಸಿಕ್ಕಿವೆ. ಮಾಡಿದವರ ಗುರುತೋ, ಇಟ್ಟುಕೊಂಡವರದೋ, ಯಾರೋ ಒಬ್ಬರಿಗೆ ‘ಇದು ಇಂಥವರದು’ ಅಂತ ಹೇಳಬೇಕಿತ್ತು. ಹೆಸರು ಬೇಡ ಅಂತ ಕುಂಬಾರ ಹೇಳಿದ್ದಲ್ಲ. ಬರೆದುಕೊಳ್ಳುವವರು ಕೇಳಲಿಲ್ಲ.

ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಡೇವ್ ಅಂತ ಒಬ್ಬ ಕುಂಬಾರ ಇದ್ದ. ಗುಲಾಮನಾಗಿದ್ದವನು. ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧ ಅನ್ನುವ ಕಾಲದಲ್ಲಿ ಆತ ಮಾಂಸ ತುಂಬಿಡುವ ದೊಡ್ಡ ದೊಡ್ಡ ಜಾಡಿಗಳ ಹಸಿಮಣ್ಣಿನ ಮೇಲೆ ತನ್ನ ಹೆಸರನ್ನೂ, ಎರಡೆರಡು ಸಾಲಿನ ಪದ್ಯವನ್ನೂ ಗೀರಿದ. ಇವತ್ತು ಅಲ್ಲಿನ ದೊಡ್ಡ ಮ್ಯೂಸಿಯಂಗಳಲ್ಲಿ ಆ ಜಾಡಿಗಳು ಡೇವಿಡ್ ಡ್ರೇಕ್ ಅನ್ನುವ ಪೂರ್ತಿ ಹೆಸರಿನೊಂದಿಗೆ ನಿಂತಿವೆ. ನಮ್ಮ ದೇಶದಲ್ಲೂ ಕುಂಬಾರರಿಗೆ ಹೆಸರಿದೆ. ತಿಗರಿಯೇ ಇಲ್ಲದೆ ಕೈಯಲ್ಲೇ ಮಡಕೆ ಕಟ್ಟುವ ಮಣಿಪುರದ ನೀಲಮಣಿ ದೇವಿ ಅವರಿಗೆ, ಪುದುಚೇರಿಯ ವಿಲ್ಲಿಯನೂರಿನ ಮುನುಸಾಮಿ ಅವರಿಗೆ ಪದ್ಮಶ್ರೀ ಬಂದಿದೆ. ರಾಷ್ಟ್ರಪತಿ ಭವನದಲ್ಲಿ ಓದಬಹುದಾದ ಹೆಸರು ಮ್ಯೂಸಿಯಂ ಚೀಟಿಯಲ್ಲಿ ಹಿಡಿಸುವುದಿಲ್ಲವೇ?

ಮಂಗಳೂರು ಹೆಂಚನ್ನೇ ನೋಡಿ. ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಶುರುಮಾಡಿದರು. ಒಂದೊಂದು ಹೆಂಚಿನ ಬೆನ್ನ ಮೇಲೂ ಕಾರ್ಖಾನೆಯ ಹೆಸರು, ಊರು ಒತ್ತಿರುತ್ತಾರೆ. ನೂರು ವರ್ಷದ ಹೆಂಚು ಮನೆ ಮೇಲಿಂದ ಬಿದ್ದರೂ ಎಲ್ಲಿ ಹುಟ್ಟಿದ್ದು ಅಂತ ತಾನೇ ಹೇಳುತ್ತದೆ. ಅದೇ ಜೇಡಿಮಣ್ಣು, ಅದೇ ಬೆಂಕಿ. ನಮ್ಮ ಗಡಿಗೆಗಳಿಗೆ ಅಚ್ಚು ಒತ್ತುವ ಯಂತ್ರ ಇರಲಿಲ್ಲ, ಅಷ್ಟೇ. ಅವುಗಳ ಪರವಾಗಿ ಹೇಳಬೇಕಾದವರು ನೀವು.

ಈಗ ನನ್ನ ಕೋರಿಕೆಗಳು.

ಮೊದಲನೆಯದು ಚೀಟಿ. ಹಳ್ಳಿಯಿಂದ ಬಂದ ಮಡಕೆ ಯಾವುದೇ ಇರಲಿ, ಗೊತ್ತಿದ್ದಷ್ಟು ಬರೆಯಿರಿ. ಮಾಡಿದವರು ಯಾರು, ಯಾವ ಊರು, ಮಣ್ಣು ಎಲ್ಲಿಯದು, ತಿಗರಿಯಲ್ಲಿ ಎತ್ತಿದ್ದೋ ತಟ್ಟಿ ಹಿಗ್ಗಿಸಿದ್ದೋ, ಬಣ್ಣ ಬಳಿದವರು ಯಾರು. ಇಲ್ಲಿ ಹೆಣ್ಣುಮಕ್ಕಳನ್ನು ಮರೆಯಬೇಡಿ. ಕುಂಬಾರರ ಮನೆಯಲ್ಲಿ ಮಣ್ಣು ಹೊತ್ತು ತರುವುದು, ಕಲ್ಲು ಆರಿಸುವುದು, ತುಳಿದು ಹದ ಮಾಡುವುದು, ಕೆಮ್ಮಣ್ಣು ಬಳಿಯುವುದು ಬಹುಪಾಲು ಅವರೇ. ತಿಗರಿ ಮುಂದೆ ಕೂತವನ ಫೋಟೋ ಎಲ್ಲ ಕಡೆ ಇದೆ. ನಮ್ಮ ಅಜ್ಜಿಯಂಥವರ ಫೋಟೋ ಎಲ್ಲೂ ಇಲ್ಲ. ಹೆಸರು ನಿಜಕ್ಕೂ ಗೊತ್ತಿಲ್ಲದಿದ್ದರೆ ‘ಕುಂಬಾರರ ಹೆಸರು ದಾಖಲಾಗಿಲ್ಲ’ ಅಂತಲೇ ಬರೆಯಿರಿ. ಆ ಸಾಲು ಓದಿದ ಯಾರಾದರೂ, “ನಂಗೊತ್ತು, ಅದು ನಮ್ಮೂರಿನದು” ಅಂತ ಬಂದು ಹೇಳಬಹುದು. ಮತ್ತೆ, ಅವುಗಳನ್ನು ಅವುಗಳ ಹೆಸರಿನಿಂದ ಕರೆಯಿರಿ. ಗುಡಾಣ, ಹರವಿ, ಬಾನಿ, ಕೊಡ, ಕುಡಿಕೆ, ಮೊಗೆ, ಹಣತೆ. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ಆಕಾರ. ‘ಪಾತ್ರೆ’ ಅಂದುಬಿಟ್ಟರೆ ವಸ್ತುವಿನ ಜೊತೆ ಮಾತೂ ಹೋಗುತ್ತದೆ. ನಮ್ಮ ತರಗತಿಯ ಮಕ್ಕಳಲ್ಲಿ ಹರವಿ ಅಂದರೇನು ಅಂತ ಗೊತ್ತಿದ್ದವರು ಇಬ್ಬರು.

ಎರಡನೆಯದು ಜೋಪಾನ. ಸುಟ್ಟ ಮಣ್ಣು ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಮೆರುಗು ಇಲ್ಲದ ಮಡಕೆ ಉಸಿರಾಡುವ ವಸ್ತು. ನೀರು ಹೀರುತ್ತದೆ, ನೀರಿನ ಜೊತೆ ಉಪ್ಪನ್ನೂ ಹೀರುತ್ತದೆ. ಮಳೆಗಾಲದಲ್ಲಿ ತೇವ, ಬೇಸಿಗೆಯಲ್ಲಿ ಒಣಗು ಅಂತ ಆಗುತ್ತಿದ್ದರೆ ಒಳಗಿನ ಉಪ್ಪು ಮೇಲಕ್ಕೆ ಬಂದು ಹರಳುಗಟ್ಟಿ ಪದರ ಪದರವಾಗಿ ಉದುರಿಸುತ್ತದೆ. ನೆಲದಲ್ಲಿ ಹೂತಿದ್ದು ಸಿಕ್ಕ ಮಡಕೆಗಳಿಗಂತೂ ಇದು ದೊಡ್ಡ ರೋಗ. ಅದಕ್ಕೆ ವಾರ್ನಿಷ್ ಬಳಿಯುವುದು ಔಷಧಿಯಲ್ಲ. ಪೇಂಟಿನಲ್ಲಿ ನಂಬರು ಬರೆದರೆ ಅದು ಮಣ್ಣಿನೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಇದೆಲ್ಲ ನಿಮ್ಮ ಸಂರಕ್ಷಣಾ ತಜ್ಞರಿಗೆ ಗೊತ್ತಿರುವ ವಿಷಯ. ಕೆಳಗಿನ ಸಿಬ್ಬಂದಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ. ಮಡಕೆಯನ್ನು ಕಂಠ ಹಿಡಿದು ಎತ್ತಬಾರದು, ಒಂದು ಕೈ ತಳಕ್ಕೆ ಕೊಡಬೇಕು ಅನ್ನುವುದನ್ನು ನಮ್ಮ ಮನೆಯಲ್ಲಿ ಐದು ವರ್ಷದ ಮಗುವಿಗೆ ಕಲಿಸುತ್ತಿದ್ದರು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುವ ಗಾದೆ ಕೇಳಿಕೊಂಡೇ ಬೆಳೆದವರು ನಾವು. ಇನ್ನು ಇಟ್ಟಿಗೆ ಚೂರಿನ ವಿಷಯ. ದುಂಡು ತಳದ ಮಡಕೆ ನಿಲ್ಲುವುದಕ್ಕೆ ಅಂತಲೇ ನಮ್ಮವರು ಸಿಂಬಿ ಮಾಡಿದ್ದರು. ಹುಲ್ಲು ಹೊಸೆದು ಸುತ್ತಿದ ಒಂದು ಬಳೆ. ತಳಕ್ಕೆಲ್ಲ ಸಮನಾಗಿ ಭಾರ ಬೀಳುತ್ತದೆ, ಗೀರಾಗುವುದಿಲ್ಲ. ಹುಲ್ಲಿಗೆ ಹುಳ ಬೀಳುತ್ತದೆ ಅನ್ನುವುದಾದರೆ ಅದೇ ಆಕಾರದ್ದನ್ನು ಬಟ್ಟೆಯಲ್ಲೋ ಫೋಮಿನಲ್ಲೋ ಮಾಡಿಸಿ. ಖರ್ಚು ಎಷ್ಟು ಮಹಾ?

ಮುಟ್ಟುವ ವಿಷಯಕ್ಕೆ ಬರುತ್ತೇನೆ. ಹಳೆಯ ವಸ್ತುಗಳನ್ನು ಎಲ್ಲರೂ ಮುಟ್ಟುವ ಹಾಗೆ ಬಿಡಿ ಅಂತ ನಾನು ಕೇಳುವುದಿಲ್ಲ. ಆದರೆ ಮಡಕೆ ಕಣ್ಣಿಗಿಂತ ಕೈಗೆ ಜಾಸ್ತಿ ತಿಳಿಯುವ ವಸ್ತು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಚೆನ್ನಾಗಿ ಬೆಂದಿದ್ದರೆ ಠಣ್ ಅನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಬೊದ್ದು ಸದ್ದು. ಹೊಸದಾಗಿ ಮಾಡಿಸಿದ ನಾಲ್ಕು ಗಡಿಗೆ ಇಟ್ಟು ಮಕ್ಕಳಿಗೆ ತಟ್ಟಲು ಬಿಡಿ. ಅಗೆತದಲ್ಲಿ ಸಿಕ್ಕ, ಎಲ್ಲಿಯದು ಅಂತ ಗುರುತಿಲ್ಲದೆ ಉಗ್ರಾಣದಲ್ಲಿ ಬಿದ್ದಿರುವ ಬೋಕಿ ಚೂರುಗಳು ಇದ್ದೇ ಇರುತ್ತವೆ. ಒಂದು ಮರಳಿನ ತೊಟ್ಟಿಯಲ್ಲಿ ಅಂಥ ಹತ್ತು ಚೂರು ಇಟ್ಟರೆ ಸಾಕು. ಒಳಮೈಯಲ್ಲಿ ಬೆರಳಾಡಿಸಿದರೆ ತಿಗರಿಯ ಸುತ್ತು ಸಿಗುತ್ತದೆ, ಇಲ್ಲವೇ ಗುಂಡುಕಲ್ಲಿನ ಗುಳಿ ಸಿಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಕೈ ಬೆರಳಿಗೆ ತಾಗಿದ ಮಗು ಆ ದಿನವನ್ನು ಮರೆಯುವುದಿಲ್ಲ.

ಒಡೆದರೆ ಅನ್ನುವ ಭಯ ನಿಮಗಿರುವುದು ಸಹಜ. 2024ರ ಆಗಸ್ಟಿನಲ್ಲಿ ಇಸ್ರೇಲಿನ ಹೈಫಾ ನಗರದ ಹೆಕ್ಟ್ ಮ್ಯೂಸಿಯಂನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಒಳಗೇನಿದೆ ಅಂತ ನೋಡಲು ಎಳೆದು, 3,500 ವರ್ಷಕ್ಕೂ ಹಳೆಯ ಒಂದು ಜಾಡಿ ಉರುಳಿ ಒಡೆದುಹೋಯಿತು. ಆ ಜಾಡಿಯನ್ನು ಗಾಜಿಲ್ಲದೆ ಬೇಕೆಂದೇ ಇಟ್ಟಿದ್ದರು, ಜನ ಹತ್ತಿರದಿಂದ ನೋಡಲಿ ಅಂತ. ಮ್ಯೂಸಿಯಂನವರು ಹುಡುಗನ ಮನೆಯವರ ಮೇಲೆ ಕೇಸು ಹಾಕಲಿಲ್ಲ. ಅವರನ್ನು ಮತ್ತೆ ಕರೆದರು. ಜಾಡಿಯನ್ನು ಜೋಡಿಸುವ ಕೆಲಸವನ್ನೇ ಆ ಮಗುವಿಗೆ ತೋರಿಸಿದರು. ನಮ್ಮಲ್ಲಿ ಎಲ್ಲವನ್ನೂ ಹಾಗೆ ತೆರೆದಿಡಲು ಆಗದಿರಬಹುದು. ಆ ದೊಡ್ಡ ಮನಸ್ಸನ್ನಾದರೂ ತಂದುಕೊಳ್ಳಬಹುದು ಅಲ್ವಾ?

ಕೊನೆಯ ಕೋರಿಕೆ ಎಲ್ಲಕ್ಕಿಂತ ಮುಖ್ಯವಾದದ್ದು. ಕುಂಬಾರರನ್ನು ಕರೆಯುವ ರೀತಿ ಬದಲಾಗಬೇಕು. ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗನನ್ನು ಒಂದು ಕಡೆ ಮಣ್ಣಿನ ಕಲೆಯ ವಿಚಾರ ಸಂಕಿರಣಕ್ಕೆ ಕರೆದಿದ್ದರು. ಊರಿನಲ್ಲಿ ಈಗ ತಿಗರಿ ಹಿಡಿಯುವವನು ಅವನೊಬ್ಬನೇ. ನಾನು ಚಿಕ್ಕವಳಿದ್ದಾಗ ಹನ್ನೊಂದು ಮನೆಯಲ್ಲಿ ತಿಗರಿ ಇತ್ತು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಂಗಳದ ಬಿಸಿಲಿನಲ್ಲಿ ಕೂತು ಗಡಿಗೆ ಮಾಡಿ ತೋರಿಸಿದ. ಒಳಗೆ ಎ.ಸಿ. ಹಾಲಿನಲ್ಲಿ ಮಡಕೆಯ ಬಗ್ಗೆ ಪ್ರಬಂಧ ಓದುತ್ತಿದ್ದರು. ಒಬ್ಬರೂ ಅವನನ್ನು ಒಳಗೆ ಕರೆಯಲಿಲ್ಲ. ಊಟದ ಹೊತ್ತಿಗೆ ಕೈ ತೊಳೆಯಲು ಎಲ್ಲಿ ಹೋಗಬೇಕು ಅಂತಲೂ ಯಾರೂ ತೋರಿಸಲಿಲ್ಲ. ಸಂಜೆ ಒಂದು ಶಾಲು ಹೊದಿಸಿದರು, ಬಸ್ ಚಾರ್ಜ್ ಕೊಟ್ಟರು. ಅವನ ಒಂದು ದಿನದ ದುಡಿಮೆ ಹೋಯಿತು. ಅವನು ಬೇಜಾರು ಮಾಡಿಕೊಂಡದ್ದು ದುಡ್ಡಿಗಲ್ಲ. “ಒಳಗೆ ಏನ್ ಮಾತಾಡಿದ್ರು ಅಂತ ಕೇಳ್ಬೇಕು ಅನ್ನಿಸ್ತು ಅಕ್ಕ” ಅಂದ.

ಅವನನ್ನು ಒಳಗೆ ಕರೆಯಿರಿ. ನಿಮ್ಮ ಉಗ್ರಾಣದ ಬಾಗಿಲು ತೆಗೆದು, ವರ್ಷಕ್ಕೆ ಕೆಲವು ದಿನವಾದರೂ ಕುಂಬಾರರನ್ನು ಕೂರಿಸಿ ಮಡಕೆಗಳನ್ನು ಒಂದೊಂದಾಗಿ ಕೈಗೆ ಕೊಡಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಬರೆದದ್ದನ್ನು ಕಳೆಯಬೇಡಿ. ತಜ್ಞರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ. ಅಪ್ಪನಿಗೆ ಈಗ ಎಪ್ಪತ್ತೊಂದು. ಬೋರಲು ಹಾಕಿ ಸುಟ್ಟದ್ದನ್ನು ಗಾಜಿನ ಆಚೆಯಿಂದಲೇ ಗುರುತಿಸುವ ಕಣ್ಣುಗಳು ಇನ್ನೆಷ್ಟು ಉಳಿದಿವೆ, ಹೇಳಿ. ಕೆರೆ ಮಣ್ಣು ಸಿಗುವುದು ಕಷ್ಟವಾಗಿದೆ, ಸೌದೆ ದುಬಾರಿ, ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅದನ್ನು ನೀವು ಸರಿಮಾಡಿ ಅಂತ ಕೇಳುತ್ತಿಲ್ಲ. ಅವರಿಗೆ ಗೊತ್ತಿರುವುದನ್ನು ಅವರು ಇರುವಾಗಲೇ ಕೇಳಿಸಿಕೊಳ್ಳಿ ಅಂತ ಕೇಳುತ್ತಿದ್ದೇನೆ.

ನಮ್ಮ ಗುಡಾಣವನ್ನು ವಾಪಸ್ ಕೊಡಿ ಅಂತ ಮನೆಯಲ್ಲಿ ಕೆಲವರು ಕೇಳು ಅಂದರು. ಅಪ್ಪ ಬೇಡ ಅಂದರು. “ಕೊಟ್ಟಿದ್ದು ಕೊಟ್ಟಾಯ್ತು. ನಾಲ್ಕು ಜನ ನೋಡ್ಲಿ. ಆ ವಾರ್ನಿಷ್ ಒಂದ್ ತೆಗೆಸ್ಲಿ” ಅಂದರು. ಅದನ್ನು ತಿಳಿದವರ ಕೈಯಲ್ಲೇ ತೆಗೆಸಬೇಕು, ಸೀಮೆಎಣ್ಣೆ ಹಾಕಿ ಉಜ್ಜಬೇಡಿ ಅಂತ ದಯವಿಟ್ಟು ನಿಮ್ಮ ಸಿಬ್ಬಂದಿಗೆ ಹೇಳಿ.

ಕಳೆದುಹೋದ ಎರಡು ಪುಟವನ್ನು ಅಪ್ಪನ ಪಕ್ಕ ಕೂತು ಮತ್ತೆ ಬರೆದಿದ್ದೇನೆ. ಈ ಸಲ ಮೂರು ಪುಟವಾಗಿದೆ. ಅಜ್ಜಿ ಕೆಮ್ಮಣ್ಣನ್ನು ಯಾವ ಗುಡ್ಡದಿಂದ ತರುತ್ತಿದ್ದರು ಅನ್ನುವುದು ಅಪ್ಪನಿಗೆ ಈಗ ನೆನಪಾಗಿದೆ. ಅಮ್ಮ ಒಂದು ಸಿಂಬಿ ಹೊಸೆದು ಇಟ್ಟಿದ್ದಾರೆ. ಎರಡನ್ನೂ ಅಲ್ಲಿಗೆ ತಲುಪಿಸಬೇಕು. ಯಾವ ದಿನ ಬರಬೇಕು ಅಂತ ಆ ಮ್ಯೂಸಿಯಂನವರು ತಿಳಿಸಿದರೆ ಸಾಕು, ಶಾಲೆಗೆ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕುಂಬಾರರ ಮನೆಯ ಮಗಳು, ಹೈಸ್ಕೂಲು ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ